ಒಂದೇ ಮಗುವಿಗಾಗಿ ಒಂದು ಔಷಧ: ಕೆಜೆ ಪ್ರಕರಣ

ಮಗು ಹುಟ್ಟಿ ಎರಡು ದಿನ ಆಗಿತ್ತು, ಅಷ್ಟೇ. ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ. ಮಂಕಾಗಿ ಮಲಗಿತ್ತು. ಉಸಿರಾಟದಲ್ಲೂ ತೊಂದರೆ ಕಾಣಿಸಿತು. ಇಂಥ ಶಿಶುವನ್ನು ನೋಡಿದ ಯಾವ ಡಾಕ್ಟರಿಗಾದರೂ ಮೊದಲು ಹೊಳೆಯುವುದು ಸೋಂಕು. ರಕ್ತಕ್ಕೆ ನಂಜು ಏರಿರಬಹುದು ಅಂತ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ಅದು ತಪ್ಪೇನಲ್ಲ. ಆದರೆ ಇಲ್ಲಿ ಇನ್ನೊಂದು ಪರೀಕ್ಷೆಯೂ ಆಯಿತು. ರಕ್ತದಲ್ಲಿ ಅಮೋನಿಯಾ ಎಷ್ಟಿದೆ ಅಂತ ನೋಡಿದರು. ಲೀಟರಿಗೆ 9ರಿಂದ 33 ಮೈಕ್ರೋಮೋಲ್ ಇರಬೇಕಾದದ್ದು 1000 ದಾಟಿತ್ತು.

ಇದು 2024ರ ಆಗಸ್ಟ್ ತಿಂಗಳು, ಅಮೆರಿಕದ ಫಿಲಡೆಲ್ಫಿಯಾ ನಗರ. ಜಗತ್ತಿಗೆಲ್ಲ ಕೆಜೆ ಅಂತಲೇ ಪರಿಚಯವಾದ ಈ ಗಂಡು ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಮುಂದೆ ಇದೇ ಮಗುವಿಗಾಗಿ, ಇದೊಂದೇ ಮಗುವಿಗಾಗಿ, ಜೀನ್ ತಿದ್ದುವ ಔಷಧವೊಂದನ್ನು ಆರು ತಿಂಗಳಲ್ಲಿ ತಯಾರಿಸಿ ಕೊಟ್ಟರು. ಸುದ್ದಿಯಾದದ್ದು ಆ ಔಷಧ. ಆಗಬೇಕಾದದ್ದೂ ಹೌದು. ಆದರೆ ಪ್ರಕರಣವನ್ನು ಮೊದಲಿಂದ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಮೋನಿಯಾ ಪರೀಕ್ಷೆ. ಅದು ಒಂದು ದಿನ ತಡವಾಗಿದ್ದರೆ ಮುಂದಿನ ಯಾವ ಮಾತೂ ಇರುತ್ತಿರಲಿಲ್ಲ.

ಅಮೋನಿಯಾ ಯಾಕೆ ಏರಿತು?

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದಲ್ಲಿ ಪ್ರೋಟೀನ್ ಇರುತ್ತದೆ. ದೇಹ ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ ಮಿದುಳಿಗೆ ವಿಷ. ಅದಕ್ಕೇ ನಮ್ಮ ಲಿವರ್ ಅದನ್ನು ಯೂರಿಯಾ ಆಗಿ ಬದಲಿಸುತ್ತದೆ. ಯೂರಿಯಾ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಈ ಕೆಲಸ ಹಲವು ಹಂತಗಳಲ್ಲಿ ನಡೆಯುತ್ತದೆ, ಪ್ರತಿ ಹಂತಕ್ಕೂ ಒಂದೊಂದು ಕಿಣ್ವ. ಒಟ್ಟಾಗಿ ಇದನ್ನು ಯೂರಿಯಾ ಚಕ್ರ ಅನ್ನುತ್ತಾರೆ. ಮೊದಲ ಹಂತದ ಕಿಣ್ವದ ಹೆಸರು ಕಾರ್ಬಮಾಯ್ಲ್ ಫಾಸ್ಫೇಟ್ ಸಿಂಥಟೇಸ್ 1. ಡಾಕ್ಟರುಗಳು ಸುಮ್ನೆ ಸಿಪಿಎಸ್1 ಅಂತಾರೆ.

ಅಮೋನಿಯಾ ಒಳಗೆ ಬರಬೇಕಾದ ಬಾಗಿಲೇ ಇದು. ಬಾಗಿಲು ಮುಚ್ಚಿದರೆ ಮುಂದಿನ ಯಾವ ಹಂತ ಚೆನ್ನಾಗಿದ್ದೂ ಉಪಯೋಗ ಇಲ್ಲ. ಬಸುರಿಯಲ್ಲಿ ತಾಯಿಯ ದೇಹವೇ ಮಗುವಿನ ಅಮೋನಿಯಾವನ್ನು ತೆಗೆದುಹಾಕುತ್ತಿರುತ್ತದೆ. ಹಾಗಾಗಿ ಹುಟ್ಟುವಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಲೆಕ್ಕ ಶುರು. ಒಂದು ದಿನ, ಎರಡು ದಿನ. ಹಾಲು ಹೊಟ್ಟೆಗೆ ಹೋದಂತೆಲ್ಲ ಅಮೋನಿಯಾ ಏರುತ್ತದೆ. ತಾಯಿಯ ಹಾಲೇ ಮಗುವಿಗೆ ಭಾರವಾಗುವ ಸ್ಥಿತಿ ಇದು. ಇದನ್ನು ಬರೆಯುವಾಗಲೂ ಸಂಕಟ ಆಗುತ್ತದೆ.

ಸುಮಾರು 13 ಲಕ್ಷ ಮಕ್ಕಳಲ್ಲಿ ಒಂದಕ್ಕೆ ಈ ಕೊರತೆ ಬರುತ್ತದೆ ಅಂತ ಅಂದಾಜು. ಹುಟ್ಟಿದ ಕೂಡಲೇ ಕಾಣಿಸಿಕೊಳ್ಳುವ ತೀವ್ರ ರೂಪದಲ್ಲಿ ಸುಮಾರು ಅರ್ಧದಷ್ಟು ಶಿಶುಗಳು ಉಳಿಯುವುದಿಲ್ಲ. ಉಳಿದವರಲ್ಲಿ ಮಿದುಳಿನ ಹಾನಿ ಎಷ್ಟು ಅನ್ನುವುದು ಅಮೋನಿಯಾ ಎಷ್ಟು ಹೊತ್ತು ಮೇಲಿತ್ತು ಅನ್ನುವುದರ ಮೇಲೆ ನಿಂತಿದೆ. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಕೆಜೆಗೆ ತಕ್ಷಣ ರಕ್ತ ಶುದ್ಧೀಕರಣ ಶುರುವಾಯಿತು. ಮೂತ್ರಪಿಂಡದ ರೋಗಿಗಳಿಗೆ ಮಾಡುವ ಡಯಾಲಿಸಿಸ್ ಥರದ್ದೇ, ಆದರೆ ಬಿಡುವಿಲ್ಲದೆ ನಡೆಯುವಂಥದ್ದು. ಆಮೇಲೆ ಪ್ರೋಟೀನ್ ತೀರಾ ಕಡಿಮೆ ಇರುವ ಆಹಾರ. ಜೊತೆಗೆ ಅಮೋನಿಯಾದಲ್ಲಿರುವ ಸಾರಜನಕವನ್ನು ಬೇರೆ ದಾರಿಯಲ್ಲಿ ಹೊರಹಾಕುವ ಔಷಧ. ಮೊದಲ ವಾರದೊಳಗೇ ಜೀನ್ ಪರೀಕ್ಷೆಯ ಫಲಿತಾಂಶವೂ ಬಂತು. ಸಿಪಿಎಸ್1 ಜೀನಿನ ಎರಡೂ ಪ್ರತಿಗಳಲ್ಲಿ ದೋಷ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಅಪ್ಪ ಅಮ್ಮ ಇಬ್ಬರಿಗೂ ಏನೂ ತೊಂದರೆ ಇಲ್ಲ, ಯಾಕೆಂದರೆ ಅವರಲ್ಲಿ ಇನ್ನೊಂದು ಪ್ರತಿ ಸರಿ ಇದೆ.

ಇದಕ್ಕೆ ಇರುವ ದೊಡ್ಡ ಚಿಕಿತ್ಸೆ ಲಿವರ್ ಕಸಿ. ಆದರೆ ಕಸಿಗೆ ಮಗು ಸ್ವಲ್ಪ ಬೆಳೆದು ಗಟ್ಟಿಯಾಗಬೇಕು. ಬೆಳೆಯಬೇಕಾದರೆ ಪ್ರೋಟೀನ್ ಬೇಕು. ಪ್ರೋಟೀನ್ ಕೊಟ್ಟರೆ ಅಮೋನಿಯಾ ಏರುತ್ತದೆ. ಕಾಯುವ ತಿಂಗಳುಗಳಲ್ಲಿ ಒಂದು ಸಾಮಾನ್ಯ ನೆಗಡಿ ಜ್ವರ ಬಂದರೂ ಸಾಕು, ದೇಹ ತನ್ನದೇ ಸ್ನಾಯುಗಳನ್ನು ಕರಗಿಸಲು ಶುರು ಮಾಡುತ್ತದೆ, ಅಮೋನಿಯಾ ಮತ್ತೆ ಜಿಗಿಯುತ್ತದೆ. ಹೆತ್ತವರು ದಿನವೂ ಈ ಭಯದಲ್ಲೇ ಬದುಕಿದರು.

ಯಾವ ಅಕ್ಷರವನ್ನು ತಿದ್ದುವುದು?

ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಡಾ. ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾ. ಕಿರಣ್ ಮುಸುನೂರು 2023ರಿಂದಲೇ ಜೊತೆಯಾಗಿ ಕೆಲಸ ಮಾಡುತ್ತಿದ್ದರು. ಅಪರೂಪದ ಚಯಾಪಚಯ ರೋಗಗಳಿಗೆ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಜೀನ್ ಚಿಕಿತ್ಸೆ ಮಾಡಲು ಆಗುತ್ತದಾ ಅನ್ನುವುದೇ ಅವರ ಪ್ರಶ್ನೆ. ಲ್ಯಾಬಿನಲ್ಲಿ ತಾಲೀಮು ನಡೆದಿತ್ತು. ಕೆಜೆ ಹುಟ್ಟಿದಾಗ ಅವರು ತಯಾರಾಗಿದ್ದರು. ಆರು ತಿಂಗಳಲ್ಲಿ ಔಷಧ ಆಯಿತು ಅಂತ ಓದುವಾಗ ಅದರ ಹಿಂದಿನ ಈ ತಾಲೀಮನ್ನು ಮರೆಯಬಾರದು.

ಸಿಪಿಎಸ್1 ಕಿಣ್ವ 1500 ಅಮೈನೋ ಆಮ್ಲಗಳ ಉದ್ದನೆಯ ಸರ. ಅಪ್ಪನಿಂದ ಬಂದ ಪ್ರತಿಯಲ್ಲಿ 335ನೇ ಜಾಗದಲ್ಲಿ "ಇಲ್ಲಿಗೆ ನಿಲ್ಲಿಸು" ಅನ್ನುವ ಸಂಕೇತ ಬಂದು ಕೂತಿತ್ತು. ಜೀನ್ ಅಂದರೆ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ. ಇಲ್ಲಿ ಸಿ ಇರಬೇಕಾದ ಕಡೆ ಟಿ ಬಂದಿತ್ತು. ಒಂದೇ ಅಕ್ಷರದ ತಪ್ಪು. ಅಷ್ಟಕ್ಕೇ ಕಿಣ್ವ ಕಾಲು ಭಾಗ ಕೂಡ ತಯಾರಾಗದೆ ನಿಂತುಬಿಡುತ್ತದೆ. ಅಮ್ಮನಿಂದ ಬಂದ ಪ್ರತಿಯಲ್ಲಿ 714ನೇ ಜಾಗದಲ್ಲಿ ಅಂಥದ್ದೇ ನಿಲುಗಡೆ. ಆದರೆ ಅಲ್ಲಿ ಜಿ ಹೋಗಿ ಟಿ ಬಂದಿತ್ತು.

ಈ ವ್ಯತ್ಯಾಸ ಸಣ್ಣದು ಅನಿಸಬಹುದು. ಅಲ್ಲ. ಇವರ ಕೈಯಲ್ಲಿದ್ದ ಉಪಕರಣ ಬೇಸ್ ಎಡಿಟರ್, ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ್ದೇ ಒಂದು ರೂಪ. ಕ್ರಿಸ್ಪರ್ ಅಂದರೆ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುವ ಕತ್ತರಿ ಅಂತ ನಾವೆಲ್ಲ ಓದಿದ್ದೇವೆ. ಬೇಸ್ ಎಡಿಟರ್ ಹಾಗೆ ಕತ್ತರಿಸುವುದಿಲ್ಲ. ಗೈಡ್ ಆರ್‌ಎನ್‌ಎ ತೋರಿಸಿದ ಜಾಗಕ್ಕೆ ಹೋಗಿ, ಅಲ್ಲಿನ ಒಂದು ಅಕ್ಷರವನ್ನು ರಾಸಾಯನಿಕವಾಗಿ ಬದಲಿಸುತ್ತದೆ. ಹಾರ್ವರ್ಡ್ ಮತ್ತು ಬ್ರಾಡ್ ಇನ್‌ಸ್ಟಿಟ್ಯೂಟ್‌ನ ಡೇವಿಡ್ ಲಿಯು ಅವರ ಲ್ಯಾಬಿನಿಂದ 2017ರಲ್ಲಿ ಬಂದ ಒಂದು ಬಗೆ ಎ ಅಕ್ಷರವನ್ನು ಜಿ ಮಾಡುತ್ತದೆ. ಡಿಎನ್‌ಎಯಲ್ಲಿ ಟಿ ಎದುರು ಯಾವಾಗಲೂ ಎ ಇರುತ್ತದೆ. ಎದುರು ಎಳೆಯ ಆ ಎ ಅನ್ನು ಜಿ ಮಾಡಿದರೆ, ಜಿಗೆ ಜೊತೆಯಾಗಿ ಈ ಕಡೆ ಟಿ ಹೋಗಿ ಸಿ ಬರುತ್ತದೆ. ಅಪ್ಪನ ಕಡೆಯ ತಪ್ಪು ಸರಿ ಹೋಗುತ್ತದೆ. ಅಮ್ಮನ ಕಡೆಯ ಜಿ-ಟಿ ಬದಲಾವಣೆಯನ್ನು ಈ ಉಪಕರಣ ತಿದ್ದಲಾರದು. ಆದರೂ ಚಿಂತೆ ಇಲ್ಲ. ಅಪ್ಪ ಅಮ್ಮನ ಥರ, ಒಂದು ಪ್ರತಿ ಸರಿ ಇದ್ದರೆ ಸಾಕು.

ಈಗ ಒಂದು ಅನಿಸಿಕೆ. ಕೆಜೆಯ ಎರಡೂ ದೋಷಗಳು ಜಿ-ಟಿ ಥರದವೇ ಆಗಿದ್ದರೆ? ಇದೇ ಆಸ್ಪತ್ರೆ, ಇದೇ ಡಾಕ್ಟರುಗಳು, ಇದೇ ಹಣ ಇದ್ದರೂ ಈ ಔಷಧ ಆಗುತ್ತಿರಲಿಲ್ಲ. ಅಕ್ಷರದ ಅದೃಷ್ಟ ಅಂತಲೇ ಹೇಳಬೇಕು.

ಮುಂದಿನ ಕೆಲಸ ಹಲವು ಕಡೆ ಒಟ್ಟೊಟ್ಟಿಗೆ ನಡೆಯಿತು. ಕೆಜೆಯ ದೋಷವನ್ನೇ ಜೀವಕೋಶಗಳಲ್ಲಿ ಕೂರಿಸಿ, ಯಾವ ಎಡಿಟರ್, ಯಾವ ಗೈಡ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನೋಡಿದರು. ಅದೇ ದೋಷ ಇರುವ ಇಲಿಗಳನ್ನು ಬೆಳೆಸಿದರು. ಮಂಗಗಳಲ್ಲಿ ಸುರಕ್ಷತೆ ನೋಡಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫ್ಯೋದರ್ ಉರ್ನೋವ್ ಅವರ ತಂಡ ಎಡಿಟರ್ ತಪ್ಪು ಜಾಗದಲ್ಲಿ ಅಕ್ಷರ ಬದಲಿಸುತ್ತದಾ ಅಂತ ಹುಡುಕಿತು. ಗೈಡ್ ಮಾಡಿದ್ದು ಒಂದು ಕಂಪನಿ, ಎಡಿಟರಿನ ಎಂಆರ್‌ಎನ್‌ಎ (ಜೀವಕೋಶದೊಳಗೆ ಎಡಿಟರ್ ತಯಾರಾಗಲು ಬೇಕಾದ ಸೂಚನೆ) ಮಾಡಿದ್ದು ಇನ್ನೊಂದು, ಅದನ್ನು ಸುತ್ತುವ ಕೊಬ್ಬಿನ ಕಣ ಮಾಡಿದ್ದು ಮತ್ತೊಂದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅರ್ಜಿಗೆ ಒಂದೇ ವಾರದಲ್ಲಿ ಒಪ್ಪಿಗೆ ಕೊಟ್ಟಿತು. ಒಬ್ಬ ರೋಗಿಗೆ ಮಾತ್ರ ಅನ್ವಯಿಸುವ ಒಪ್ಪಿಗೆ ಅದು.

ಇದೇ ಊರಿನ ಹಳೆಯ ಗಾಯ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1999ರ ಸೆಪ್ಟೆಂಬರ್. ಇದೇ ಫಿಲಡೆಲ್ಫಿಯಾ, ಇದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ರೋಗವೂ ಇದೇ ಯೂರಿಯಾ ಚಕ್ರದ್ದು, ಸಿಪಿಎಸ್1ರ ಮುಂದಿನ ಹಂತದ ಕಿಣ್ವ ಒಟಿಸಿಯ ಕೊರತೆ. ಜೆಸ್ಸಿ ಗೆಲ್ಸಿಂಗರ್‌ಗೆ ಆಗ 18 ವರ್ಷ. ಅವನಿಗೆ ಇದ್ದದ್ದು ಸೌಮ್ಯ ರೂಪ. ಪಥ್ಯ, ಮಾತ್ರೆಗಳಲ್ಲಿ ಹೇಗೋ ನಡೆಯುತ್ತಿತ್ತು. ಮುಂದೆ ಹುಟ್ಟುವ ಶಿಶುಗಳಿಗೆ ಉಪಯೋಗ ಆಗಲಿ ಅಂತ ಅವನು ತಾನಾಗಿ ಪ್ರಯೋಗಕ್ಕೆ ಸೇರಿದ. ಸರಿಯಾದ ಜೀನನ್ನು ಅಡಿನೋವೈರಸ್ ಒಳಗೆ ಇಟ್ಟು ಲಿವರಿಗೆ ಕಳಿಸಿದರು. ಅವನ ರೋಗನಿರೋಧಕ ವ್ಯವಸ್ಥೆ ಆ ವೈರಸ್ ಮೇಲೆ ಎರಗಿತು. ಅಂಗಗಳು ಒಂದೊಂದಾಗಿ ಕೈಕೊಟ್ಟವು. ನಾಲ್ಕೇ ದಿನದಲ್ಲಿ, ಸೆಪ್ಟೆಂಬರ್ 17ರಂದು, ಅವನು ತೀರಿಕೊಂಡ.

ಆಮೇಲೆ ನಡೆದ ತನಿಖೆಯಲ್ಲಿ ಗೊತ್ತಾದ ಸಂಗತಿಗಳು ನೋವಿನವು. ಅಂದು ಅವನ ಅಮೋನಿಯಾ ನಿಯಮ ಒಪ್ಪುವ ಮಟ್ಟಕ್ಕಿಂತ ಜಾಸ್ತಿ ಇತ್ತು. ಹಿಂದಿನ ರೋಗಿಗಳಲ್ಲಿ ಮತ್ತು ಮಂಗಗಳಲ್ಲಿ ಕಂಡ ಅಪಾಯವನ್ನು ಕುಟುಂಬಕ್ಕೆ ಸರಿಯಾಗಿ ತಿಳಿಸಿರಲಿಲ್ಲ. ಪ್ರಯೋಗದ ಮುಖ್ಯಸ್ಥರಿಗೆ ಸಂಬಂಧಪಟ್ಟ ಕಂಪನಿಯಲ್ಲಿ ಹಣದ ಪಾಲು ಇತ್ತು. ಜೀನ್ ಚಿಕಿತ್ಸೆಯ ಕ್ಷೇತ್ರವೇ ವರ್ಷಗಟ್ಟಲೆ ಹಿಂದೆ ಬಿತ್ತು.

ಕೆಜೆ ಪ್ರಕರಣದ ಪ್ರತಿ ಹೆಜ್ಜೆಯಲ್ಲೂ ನನಗೆ ಆ ಹುಡುಗನ ನೆನಪು ಬರುತ್ತದೆ. ಈ ಸಲ ವೈರಸ್ ಬಳಸಲಿಲ್ಲ. ಕೋವಿಡ್ ಎಂಆರ್‌ಎನ್‌ಎ ಲಸಿಕೆಯಲ್ಲಿ ಬಳಸಿದಂಥ ಕೊಬ್ಬಿನ ನ್ಯಾನೋ ಕಣಗಳನ್ನು ಬಳಸಿದರು. ರಕ್ತಕ್ಕೆ ಬಿಟ್ಟರೆ ಅವು ಹೆಚ್ಚಾಗಿ ಲಿವರಿಗೇ ಹೋಗಿ ಸೇರುತ್ತವೆ. ಒಳಗಿನ ಎಂಆರ್‌ಎನ್‌ಎ ಕೆಲವು ದಿನಗಳಲ್ಲಿ ಕರಗಿ ಹೋಗುತ್ತದೆ. ಎಡಿಟರ್ ಉಳಿಯುವುದಿಲ್ಲ, ಅದು ಮಾಡಿದ ತಿದ್ದುಪಡಿ ಮಾತ್ರ ಉಳಿಯುತ್ತದೆ. ವೈರಸ್ ಬಳಸಿದರೆ ದೇಹ ಅದನ್ನು ಗುರುತಿಟ್ಟುಕೊಳ್ಳುತ್ತದೆ, ಎರಡನೇ ಸಲ ಕೊಡುವುದು ಕಷ್ಟ. ಕೊಬ್ಬಿನ ಕಣದಲ್ಲಿ ಆ ಅಡ್ಡಿ ಕಡಿಮೆ. ಹಾಗಾಗಿ ಮೊದಲು ಸ್ವಲ್ಪ ಕೊಟ್ಟು, ನೋಡಿ, ಆಮೇಲೆ ಹೆಚ್ಚಿಸಬಹುದು.

ಮೂರು ಡೋಸ್

2025ರ ಫೆಬ್ರವರಿ 25. ಕೆಜೆಗೆ ಆರು ತಿಂಗಳು ದಾಟಿತ್ತು. ಎಡಿಟರ್ ಮೇಲೆ ದೇಹ ತಿರುಗಿ ಬೀಳದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನೂ ಕೊಟ್ಟಿದ್ದರು. ಡ್ರಿಪ್ ಮೂಲಕ ಮೊದಲ ಡೋಸ್ ಹೋಯಿತು. ದೇಹದ ತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ. ತೀರಾ ಚಿಕ್ಕ ಡೋಸ್, ಸುರಕ್ಷತೆ ನೋಡುವುದಕ್ಕೆ. 22 ದಿನ ಬಿಟ್ಟು ಕಿಲೋಗೆ 0.3 ಮಿಲಿಗ್ರಾಂ. ಏಪ್ರಿಲ್‌ನಲ್ಲಿ ಮೂರನೆಯದು.

ಮೊದಲ ಡೋಸ್ ಆದ ಮೇಲೆ ಪ್ರೋಟೀನ್ ಸ್ವಲ್ಪ ಹೆಚ್ಚಿಸಿ ಕೊಟ್ಟರೂ ಮಗು ತಡೆದುಕೊಂಡಿತು. ಎರಡನೆಯದರ ನಂತರ ಸಾರಜನಕ ಹೊರಹಾಕುವ ಔಷಧವನ್ನು ಅರ್ಧಕ್ಕೆ ಇಳಿಸಿದರು. ಈ ನಡುವೆ ವೈರಸ್ ಸೋಂಕು ಬಂತು. ಎಲ್ಲರೂ ಹೆದರುತ್ತಿದ್ದದ್ದು ಅದಕ್ಕೇ. ಆದರೆ ಅಮೋನಿಯಾ ಹಿಂದಿನಂತೆ ಜಿಗಿಯಲಿಲ್ಲ. ನನಗೆ ಇದೇ ಎಲ್ಲಕ್ಕಿಂತ ಬಲವಾದ ಸಾಕ್ಷಿ ಅನಿಸುತ್ತದೆ. ಪ್ರೋಟೀನ್ ಪ್ರಮಾಣ, ಔಷಧದ ಪ್ರಮಾಣ ಎರಡೂ ಡಾಕ್ಟರುಗಳ ಕೈಯಲ್ಲಿದ್ದವು. ನೆಗಡಿ ಯಾರ ಕೈಯಲ್ಲೂ ಇರಲಿಲ್ಲ.

ಮೇ 15ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕರಣ ಪ್ರಕಟವಾಯಿತು. ಜೂನ್ 3ರಂದು, ಆಸ್ಪತ್ರೆಯಲ್ಲಿ 307 ದಿನ ಕಳೆದ ಮೇಲೆ, ಕೆಜೆ ಮನೆಗೆ ಹೋದ.

ಗುಣ ಆಯಿತು ಅಂತ ಡಾಕ್ಟರುಗಳು ಹೇಳಿಲ್ಲ. ಹೇಳದೇ ಇದ್ದದ್ದು ಸರಿ. ಲಿವರಿನ ಎಷ್ಟು ಜೀವಕೋಶಗಳಲ್ಲಿ ತಿದ್ದುಪಡಿ ಆಗಿದೆ ಅಂತ ನೇರವಾಗಿ ನೋಡಬೇಕಾದರೆ ಲಿವರಿನ ಚೂರು ತೆಗೆದು ಪರೀಕ್ಷಿಸಬೇಕು. ಅಷ್ಟು ಚಿಕ್ಕ ಮಗುವಿಗೆ ಅದು ಅಪಾಯ ಅಂತ ಮಾಡಲಿಲ್ಲ. ಹಾಗಾಗಿ ನಮ್ಮ ಹತ್ತಿರ ಇರುವುದು ಪರೋಕ್ಷ ಲೆಕ್ಕ ಮಾತ್ರ: ಎಷ್ಟು ಪ್ರೋಟೀನ್ ತಡೆದುಕೊಂಡ, ಎಷ್ಟು ಔಷಧ ಕಡಿಮೆಯಾಯಿತು. ಹೋಲಿಸಿ ನೋಡಲು ಇನ್ನೊಬ್ಬ ರೋಗಿ ಇಲ್ಲ. ಮಗು ಬೆಳೆಯುತ್ತಾ ತಾನಾಗಿಯೂ ಸ್ವಲ್ಪ ಸುಧಾರಿಸಿರಬಹುದು ಅನ್ನುವ ವಾದವನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಆದರೆ ಜೀನಿನ ಎರಡೂ ಪ್ರತಿ ಮುರಿದಿರುವ ಮಗುವಿನಲ್ಲಿ ಇಂಥ ಸುಧಾರಣೆ ತಾನಾಗಿ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ. ಅವನನ್ನು ಬಹಳ ವರ್ಷ ಗಮನಿಸುತ್ತಿರಬೇಕು.

ದುಡ್ಡಿನ ಮಾತು

ಖರ್ಚು ಲಿವರ್ ಕಸಿಯ ಖರ್ಚಿಗೆ ತೀರಾ ದೂರ ಇಲ್ಲ ಅಂತ ಮುಸುನೂರು ಹೇಳಿದ್ದಾರೆ. ಇದನ್ನು ಓದುವಾಗ ಒಂದು ವಿಷಯ ಗಮನದಲ್ಲಿರಲಿ. ಕಂಪನಿಗಳು ಎಷ್ಟೋ ಕೆಲಸವನ್ನು ಹಣ ಪಡೆಯದೆ ಮಾಡಿಕೊಟ್ಟಿದ್ದವು. ಸರ್ಕಾರಿ ಸಂಶೋಧನಾ ಅನುದಾನವೂ ಇತ್ತು. ಮುಂದಿನ ಮಗುವಿಗೆ ಇದೇ ದರ ಅಂತ ಯಾರೂ ಹೇಳಲಾರರು.

ಕಡಿಮೆಯಾಗುವ ದಾರಿ ಒಂದಿದೆ. ಈ ಔಷಧದಲ್ಲಿ ಎಡಿಟರ್, ಕೊಬ್ಬಿನ ಕಣ ಎರಡನ್ನೂ ಬೇರೆ ಮಕ್ಕಳಿಗೂ ಬಳಸಬಹುದು. ಮಗುವಿನಿಂದ ಮಗುವಿಗೆ ಬದಲಾಗುವುದು ಮುಖ್ಯವಾಗಿ ಗೈಡ್‌ನ ಸುಮಾರು 20 ಅಕ್ಷರಗಳು. ವಿಳಾಸ ಬದಲಾಯಿತು, ಗಾಡಿ ಅದೇ. ಪ್ರತಿ ವಿಳಾಸಕ್ಕೂ ಹೊಸ ಗಾಡಿಗೆ ಅರ್ಜಿ ಹಾಕಿದಂತೆ ಎಲ್ಲ ಪರೀಕ್ಷೆಗಳನ್ನೂ ಮೊದಲಿಂದ ಮಾಡಬೇಕಾ? 2025ರ ನವೆಂಬರ್‌ನಲ್ಲಿ ಎಫ್‌ಡಿಎ ಮುಖ್ಯಸ್ಥರು ಇಂಥ ಅಪರೂಪದ ಚಿಕಿತ್ಸೆಗಳಿಗೆ ಒಂದು ಹೊಸ ದಾರಿಯ ರೂಪರೇಖೆಯನ್ನು ಪ್ರಕಟಿಸಿದರು. ಅದರಲ್ಲಿ ಕೆಜೆಯ ಪ್ರಕರಣವೇ ಮುಖ್ಯ ಉದಾಹರಣೆ. ಕಾರಣ ಸ್ಪಷ್ಟವಾಗಿ ಗೊತ್ತಿದ್ದು, ಆ ಕಾರಣವನ್ನೇ ಸರಿಪಡಿಸುವ ಔಷಧ ಇದ್ದರೆ, ಬೆರಳೆಣಿಕೆಯ ರೋಗಿಗಳ ಅನುಭವದ ಮೇಲೂ ಒಪ್ಪಿಗೆ ಕೊಡಬಹುದು ಅನ್ನುವುದು ಅದರ ಸಾರ. ಅವಸರದಲ್ಲಿ 1999 ಮರುಕಳಿಸದಿರಲಿ ಅನ್ನುವ ಆತಂಕ ನನಗೆ ಇದ್ದೇ ಇದೆ.

ನಮ್ಮಲ್ಲಿ ಹುಟ್ಟಿದ್ದರೆ

ಕರ್ನಾಟಕದಲ್ಲಿ ಇಂಥ ಮಗು ಹುಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸದೆ ಇರಲು ಆಗುವುದಿಲ್ಲ. ನಮ್ಮಲ್ಲಿ ಈ ರೋಗಗಳ ಬಗ್ಗೆ ತಿಳಿವಳಿಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ರಾಜ್ಯದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಅಮೈನೋ ಆಮ್ಲಗಳ ದೋಷ ಹುಡುಕಿದ್ದರು. ಹತ್ತಿರದ ಸಂಬಂಧದಲ್ಲಿ ಮದುವೆ ಜಾಸ್ತಿ ಇರುವ ನಾಡು ನಮ್ಮದು. ಸೋದರಮಾವ, ಅತ್ತೆ ಮಗ, ಮಾವನ ಮಗಳು. ಇಂಥ ಮನೆಗಳಲ್ಲಿ ಒಂದೇ ಹಿರಿಯರಿಂದ ಬಂದ ಒಂದೇ ತಪ್ಪಕ್ಷರ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೆಜೆಯ ಎರಡು ಪ್ರತಿಗಳಲ್ಲಿ ಎರಡು ಬೇರೆ ತಪ್ಪುಗಳಿದ್ದವು, ಒಂದನ್ನು ಮಾತ್ರ ತಿದ್ದಲು ಸಾಧ್ಯವಾಯಿತು. ಸಂಬಂಧದಲ್ಲಿ ಮದುವೆಯಾದವರ ಮಗುವಿನಲ್ಲಿ ಸಾಮಾನ್ಯವಾಗಿ ಎರಡೂ ಪ್ರತಿಗಳಲ್ಲಿ ಒಂದೇ ತಪ್ಪು. ಅದು ತಿದ್ದಬಲ್ಲ ಅಕ್ಷರವಾಗಿದ್ದರೆ, ಒಂದೇ ಗೈಡ್ ಎರಡನ್ನೂ ಸರಿ ಮಾಡಬಹುದು. ಅದೇ ತಪ್ಪು ಇಡೀ ಸಮುದಾಯದಲ್ಲಿ ಹರಡಿದ್ದರೆ, ಒಂದು ಮಗುವಿಗಾಗಿ ಮಾಡಿದ ಔಷಧ ಹತ್ತು ಮನೆಗಳಿಗೆ ಆಗಬಹುದು. ಅಮೆರಿಕದಲ್ಲಿ ಒಬ್ಬರಿಗೊಂದು ಅನ್ನುವ ಲೆಕ್ಕ ನಮ್ಮಲ್ಲಿ ಬೇರೆ ಥರ ಬರಬಹುದು. ಯಾವ ಸಮುದಾಯದಲ್ಲಿ ಯಾವ ತಪ್ಪು ಇದೆ ಅನ್ನುವ ಪಟ್ಟಿ ಮಾಡುವ ಕೆಲಸಕ್ಕೆ ಹಾಗಾಗಿ ನಮ್ಮಲ್ಲಿ ಬೆಲೆ ಜಾಸ್ತಿ.

2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಲ್ಲಿ ಯೂರಿಯಾ ಚಕ್ರದ ರೋಗಗಳೂ ಸೇರಿವೆ. ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ಅಂಥ ಒಂದು ಕೇಂದ್ರ. ಆದರೆ ಮಗು ಅಲ್ಲಿಗೆ ತಲುಪಬೇಕು. ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಪರೀಕ್ಷೆ ಇದ್ದರೂ ಸಿಪಿಎಸ್1 ಕೊರತೆ ಅದರಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಎಷ್ಟೋ ಸಲ ಫಲಿತಾಂಶ ಬರುವ ಮೊದಲೇ ಮಗು ಕೋಮಾಕ್ಕೆ ಹೋಗಿರುತ್ತದೆ. ಹಾಗಾಗಿ ಉಳಿಯುವ ದಾರಿ, ಹಾಸಿಗೆ ಪಕ್ಕ ನಿಂತ ಡಾಕ್ಟರಿಗೆ ಅನುಮಾನ ಬರುವುದು. ಹುಟ್ಟಿದಾಗ ಚೆನ್ನಾಗಿದ್ದ ಮಗು ಎರಡು ಮೂರು ದಿನದಲ್ಲಿ ಮಂಕಾದರೆ, ಸುಮ್ಮನೆ ಜೋರಾಗಿ ಉಸಿರಾಡುತ್ತಿದ್ದರೆ, ಸೋಂಕಿನ ಪರೀಕ್ಷೆಯ ಜೊತೆಗೇ ಅಮೋನಿಯಾ ನೋಡುವುದು. ಈ ಪರೀಕ್ಷೆಗೆ ಕೋಟಿ ರೂಪಾಯಿ ಬೇಡ. ಆದರೆ ರಕ್ತವನ್ನು ಐಸ್ ಮೇಲಿಟ್ಟು ನಿಮಿಷಗಳಲ್ಲಿ ಲ್ಯಾಬಿಗೆ ತಲುಪಿಸಬೇಕು. ಹೊರಗೆ ಬಿಟ್ಟರೆ ಟ್ಯೂಬಿನಲ್ಲೇ ಅಮೋನಿಯಾ ಏರಿ ಫಲಿತಾಂಶ ಕೆಡುತ್ತದೆ. ಸಣ್ಣ ಊರಿನ ನರ್ಸಿಂಗ್ ಹೋಮಿನಿಂದ ದೂರದ ಲ್ಯಾಬಿಗೆ ಮಾಮೂಲಿಯಂತೆ ಕಳಿಸಿದ ಸ್ಯಾಂಪಲ್ಲನ್ನು ನಂಬುವುದು ಕಷ್ಟ.

ಮೊದಲ ಮಗುವೋ ಎರಡನೆಯದೋ ಹುಟ್ಟಿದ ವಾರದಲ್ಲೇ, ಕಾರಣ ತಿಳಿಯದೆ ತೀರಿಕೊಂಡ ಮನೆಗಳು ನಮ್ಮ ಸುತ್ತ ಇವೆ. "ಮಗು ಹಾಲು ಬಿಟ್ಟಿತು, ಆಮೇಲೆ ಉಳಿಯಲಿಲ್ಲ" ಅಂತ ಅಜ್ಜಿಯಂದಿರು ಹೇಳುತ್ತಾರೆ. ಆ ಮನೆಯಲ್ಲಿ ಮತ್ತೆ ಬಸುರಿಯಾದಾಗ ಜೆನೆಟಿಕ್ಸ್ ಡಾಕ್ಟರನ್ನು ಮೊದಲೇ ಕಾಣುವುದು ಒಳ್ಳೆಯದು. ತೀರಿಕೊಂಡ ಮಗುವಿನ ರಕ್ತದ ಒಂದೆರಡು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಇಟ್ಟಿದ್ದರೂ ಸಾಕು, ಅದರಿಂದ ಜೀನ್ ಪರೀಕ್ಷೆ ಆಗುತ್ತದೆ. ತಪ್ಪು ಯಾವುದು ಅಂತ ಗೊತ್ತಾದರೆ ಮುಂದಿನ ಬಸುರಿಯಲ್ಲಿ ಹನ್ನೆರಡು ವಾರದ ಹೊತ್ತಿಗೇ ನೋಡಬಹುದು. ಅದು ಆಗದಿದ್ದರೂ, ಮಗು ಹುಟ್ಟಿದ ದಿನವೇ ಅಮೋನಿಯಾ ಪರೀಕ್ಷೆ ಮಾಡಿ ಅಂತ ಹೆರಿಗೆಗೆ ಮೊದಲೇ ಡಾಕ್ಟರಿಗೆ ಹೇಳಿಡಬಹುದು.